ಅಕ್ಕೋರ ಕಂಪ್ಯೂಟರ್: ಚಾಲೂ ಆಗದ ಯಂತ್ರ, ಒಳಗೆ ಉಳಿದ ಹಾಡು

2025ರ ಜುಲೈ. ಮೂರು ದಿನದಿಂದ ಬಿಡದ ಮಳೆ. ಅಂಕೋಲೆಯ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ ಮುಂದೆ ಒಂದು ರಿಕ್ಷಾ ಬಂದು ನಿಂತಿತು. ಅಕ್ಕೋರು ಇಳಿದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅಂತಲೇ ಕರೆಯುವುದು. ಇವರು ನಿವೃತ್ತರಾಗಿ ಬಹಳ ವರ್ಷವಾಯಿತು. ಹಿಂದಿನಿಂದ ಅವರ ತಂಗಿಯ ಮಗ ಇಳಿದ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಸಿಪಿಯು ಅವನ ಕೈಯಲ್ಲಿತ್ತು.

"ತಮ್ಮಾ, ಇದು ಚಾಲೂ ಆಗ್ತಾ ಇಲ್ಲ. ಚಾಲೂ ಆಗದಿದ್ರೂ ಅಡ್ಡಿ ಇಲ್ಲ. ಒಳಗಿನ ಹಾಡು ಬೇಕು" ಎಂದರು.

ಈ ಕೆಲಸಕ್ಕೆ ಕೂತ ಮೇಲೆ ಇಷ್ಟು ಸ್ಪಷ್ಟವಾಗಿ ಹೇಳಿದವರು ಕಡಿಮೆ. ಎಲ್ಲರೂ "ಕಂಪ್ಯೂಟರ್ ಸರಿ ಮಾಡಿಕೊಡಿ" ಎನ್ನುತ್ತಾರೆ. ಯಂತ್ರ ಚಾಲೂ ಆಗದಿರುವುದು ಒಂದು ತೊಂದರೆ. ಒಳಗಿನ ಮಾಹಿತಿ ಕಾಣದಿರುವುದು ಬೇರೆಯೇ ತೊಂದರೆ. ಮೊದಲನೆಯದನ್ನು ಸರಿ ಮಾಡುವ ಅವಸರದಲ್ಲಿ ಎರಡನೆಯದನ್ನು ನಾವೇ ಹುಟ್ಟಿಸುತ್ತೇವೆ. ಈ ಪ್ರಕರಣದಲ್ಲಿ ಆದದ್ದೂ ಅದೇ. ಅದಕ್ಕೇ ಮೊದಲಿಂದ ಕೊನೆಯವರೆಗೆ ಬರೆದಿಡುತ್ತಿದ್ದೇನೆ.

ಒಳಗೆ ಇದ್ದದ್ದು

ಅಕ್ಕೋರು ಕೆಲಸದಲ್ಲಿದ್ದಾಗಿನಿಂದಲೂ ಹಾಲಕ್ಕಿ ಒಕ್ಕಲಿಗರ ಕೇರಿಗಳಿಗೆ ಹೋಗಿ ಹಾಡು ಸಂಗ್ರಹಿಸುತ್ತಿದ್ದರು. ಮದುವೆ ಹಾಡು, ನಟ್ಟಿ ಹಾಡು, ಸುಗ್ಗಿ ಕುಣಿತದ ಪದ, ಗುಮಟೆ ಬಡಿಯುತ್ತ ಹೇಳುವ ಪದ. ಒಂದು ಚಿಕ್ಕ ರೆಕಾರ್ಡರ್‌ನಲ್ಲಿ ಹಿಡಿದು ತರುವುದು, ಕಂಪ್ಯೂಟರ್‌ಗೆ ಹಾಕುವುದು, ಕೇಳುತ್ತ ಕೇಳುತ್ತ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವುದು. ಹೀಗೆ 212 ಧ್ವನಿ ಫೈಲ್‌ಗಳಿದ್ದವು. ಟೈಪ್ ಆದ ಹಾಡು 137. ಪಟ್ಟಿ ಅವರ ನೋಟ್‌ಬುಕ್‌ನಲ್ಲಿತ್ತು. ಆ ನೋಟ್‌ಬುಕ್ ಮುಂದೆ ನನಗೆ ಬಹಳ ಉಪಯೋಗಕ್ಕೆ ಬಂತು.

ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಈ ಹಾಡುಗಳ ಸುದ್ದಿ ಹೊರಗಿನವರಿಗೂ ತಲುಪಿತು. 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿ ತೀರಿಕೊಂಡರು. ಅವರ ಹೆಸರನ್ನಾದರೂ ಜನ ಬಲ್ಲರು. ಅಕ್ಕೋರ ಡಿಸ್ಕ್‌ನಲ್ಲಿದ್ದವರು ಯಾರಿಗೂ ಗೊತ್ತಿಲ್ಲದ ಅಜ್ಜಿಯರು. ಅವರಲ್ಲಿ ಹೆಚ್ಚಿನವರು ಈಗಿಲ್ಲ. ಇನ್ನೊಮ್ಮೆ ಹೋಗಿ ರೆಕಾರ್ಡ್ ಮಾಡಿಕೊಂಡು ಬರುತ್ತೇನೆ ಅಂದರೆ ಆಗುವ ಮಾತಲ್ಲ.

ಬೇರೆ ಕಡೆ ಪ್ರತಿ ಇರಲಿಲ್ಲವಾ ಎಂದು ಕೇಳಿದೆ. ಒಂದು ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದರಂತೆ. ಅದು ಎರಡು ವರ್ಷದ ಹಿಂದೆಯೇ ಕೆಟ್ಟಿತ್ತು.

ನನ್ನ ಬಳಿ ಬರುವ ಮೊದಲು

ಈ ಭಾಗವನ್ನು ಹುಡುಗನನ್ನು ಕೂರಿಸಿಕೊಂಡು ಬಿಡಿಬಿಡಿಯಾಗಿ ಕೇಳಿದೆ. ಬಯ್ಯಲಿಕ್ಕಲ್ಲ. ಯಾವ ಹೆಜ್ಜೆಯಲ್ಲಿ ಏನು ಬರೆಯಲ್ಪಟ್ಟಿದೆ, ಏನು ಅಳಿಸಿದೆ ಎಂದು ಗೊತ್ತಾಗದೆ ಡಿಸ್ಕ್‌ಗೆ ಕೈ ಹಾಕಬಾರದು. ಅವನೂ ಒಂದನ್ನೂ ಮುಚ್ಚಿಡದೆ ಹೇಳಿದ. ಅದು ದೊಡ್ಡ ಸಹಾಯ. ಎಷ್ಟೋ ಜನ "ತಾನಾಗೇ ಹೋಯ್ತು" ಎಂದುಬಿಡುತ್ತಾರೆ.

ಅಕ್ಕೋರ ಮನೆ ಗಂಗಾವಳಿ ಹೊಳೆಯ ಕೆಳದಂಡೆಯಲ್ಲಿ, ಸಮುದ್ರದ ಗಾಳಿ ನೇರ ಬೀಸುವ ಜಾಗ. ಜೂನ್ ಮೊದಲ ವಾರದ ಗುಡುಗಿಗೆ ಹೆದರಿ ಅವರು ಕಂಪ್ಯೂಟರ್‌ನ ಪ್ಲಗ್ ಕಿತ್ತಿಟ್ಟಿದ್ದರು. ಒಂದು ತಿಂಗಳು ಹಾಗೇ ಇತ್ತು. ಜುಲೈನಲ್ಲಿ ಹಚ್ಚಿದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು, ಉದ್ದನೆಯ ಬೀಪ್ ಮತ್ತೆ ಮತ್ತೆ.

ಬೀಪ್‌ಗೆ ಅರ್ಥ ಇದೆ. ಬಯಾಸ್, ಅಂದರೆ ಯಂತ್ರ ಹಚ್ಚಿದ ಕೂಡಲೇ ಮೊದಲು ಓಡುವ ತಂತ್ರಾಂಶ, ಅದನ್ನು ಮಾಡಿದ ಕಂಪನಿ ಯಾವುದು ಎನ್ನುವುದರ ಮೇಲೆ ಅರ್ಥ ಬದಲಾಗುತ್ತದೆ. ಆದರೆ ಇಂಥ ಬೋರ್ಡ್‌ಗಳಲ್ಲಿ ಒಂದೇ ಸಮ ಉದ್ದ ಬೀಪ್ ಬಂದರೆ ಮೊದಲು ನೋಡಬೇಕಾದ್ದು ಯಂತ್ರದ ತಾತ್ಕಾಲಿಕ ನೆನಪಿನ ಪಟ್ಟಿ, ರ‍್ಯಾಮ್. ಹುಡುಗ ಅದನ್ನು ಮೊಬೈಲ್‌ನಲ್ಲಿ ಹುಡುಕಿ ಸರಿಯಾಗೇ ತಿಳಿದುಕೊಂಡಿದ್ದ. ರ‍್ಯಾಮ್ ಪಟ್ಟಿ ತೆಗೆದ. ಬಂಗಾರದ ಬಣ್ಣದ ಹಲ್ಲುಗಳ ಮೇಲೆ ಮಂಕು ಕಲೆ ಕಂಡಿತು. ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಒರೆಸಿ, ಮತ್ತೆ ಕೂರಿಸಿದ. ಬೀಪ್ ನಿಂತಿತು. ಪರದೆ ಬಂತು.

ಕಾರವಾರದ ಕಡೆ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಅದಕ್ಕೆ ಸಮುದ್ರದ ಉಪ್ಪು ಗಾಳಿ ಸೇರುತ್ತದೆ. ಓಡುತ್ತಿರುವ ಯಂತ್ರ ತನ್ನ ಬಿಸಿಗೆ ತಾನೇ ಒಣಗಿರುತ್ತದೆ. ಸುಮ್ನೆ ಇಟ್ಟ ಯಂತ್ರಕ್ಕೆ ಥಂಡಿ ಹಿಡಿಯುತ್ತದೆ. ಮಳೆಗಾಲದಲ್ಲಿ ನನ್ನ ಅಂಗಡಿಗೆ ಬರುವ "ಚಾಲೂ ಆಗ್ತಿಲ್ಲ" ಯಂತ್ರಗಳಲ್ಲಿ ಬಹಳಷ್ಟು ಬರೀ ರ‍್ಯಾಮ್ ತೆಗೆದು ಉಜ್ಜಿ ಹಾಕಿದರೆ ಎದ್ದು ಕೂರುತ್ತವೆ.

ಪರದೆ ಬಂದ ಮೇಲೆ ಒಂದು ಸಂದೇಶ ಕಂಡಿತು. ಸಿಮಾಸ್ (ಬಯಾಸ್‌ನ ಸೆಟ್ಟಿಂಗ್ ಉಳಿಯುವ ಜಾಗ) ಚೆಕ್‌ಸಮ್ ತಪ್ಪಿದೆ, ದಿನಾಂಕ ಸರಿಯಿಲ್ಲ, ಮುಂದುವರಿಯಲು ಎಫ್1 ಒತ್ತಿ ಎಂದು. ಹುಡುಗ ಎಫ್1 ಒತ್ತಿದ. ವಿಂಡೋಸ್ 7ರ ಚಿಹ್ನೆ ಮೂಡಿತು. ಕ್ಷಣದಲ್ಲಿ ನೀಲಿ ಪರದೆ. ಮತ್ತೆ ಮೊದಲಿಂದ. ಇದೇ ತಿರುಗಣಿ.

ಅವನು ಆ ನೀಲಿ ಪರದೆಯ ಫೋಟೋ ತೆಗೆದಿಟ್ಟಿದ್ದ. ನನಗೆ ತೋರಿಸಿದ. ಕೋಡ್‌ನ ಕೊನೆಯ ಎರಡು ಅಕ್ಷರ 7ಬಿ. ನೋಡಿದ ಕೂಡಲೇ ಹೊಟ್ಟೆ ಚುರ್ ಎಂದಿತು.

7ಬಿ ಎಂದರೆ ವಿಂಡೋಸ್‌ಗೆ ತಾನು ಕೂತಿರುವ ಡಿಸ್ಕನ್ನೇ ತಲುಪಲಾಗುತ್ತಿಲ್ಲ ಎಂದರ್ಥ. ಡಿಸ್ಕ್ ಕೆಟ್ಟರೂ ಬರಬಹುದು. ಆದರೆ ಮೊದಲು ಸಿಮಾಸ್ ಸಂದೇಶ, ಹಿಂದೆಯೇ 7ಬಿ. ಈ ಜೋಡಿ ಬಂದರೆ ದಾರಿ ಬೇರೆ. ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಸಿಆರ್2032 ಅದರ ನಂಬರ್, 3 ವೋಲ್ಟ್. ಪ್ಲಗ್ ಹಾಕಿದ್ದಾಗ ಗಡಿಯಾರಕ್ಕೆ ಗೋಡೆಯ ಕರೆಂಟೇ ಸಾಕು. ಪ್ಲಗ್ ಕಿತ್ತ ಮೇಲೆ ಗಡಿಯಾರವನ್ನೂ ಬಯಾಸ್‌ನ ಸೆಟ್ಟಿಂಗ್‌ಗಳನ್ನೂ ಆ ಸೆಲ್ ಒಂದೇ ಹೊರಬೇಕು. ಹಳೇ ಸೆಲ್ ಒಂದು ತಿಂಗಳು ಹೊತ್ತು ಸತ್ತಿತು. ಆಗ ಬಯಾಸ್ ಕಾರ್ಖಾನೆಯ ಮೂಲ ಸೆಟ್ಟಿಂಗ್‌ಗೆ ಮರಳಿತು. ಆ ಬೋರ್ಡ್‌ನಲ್ಲಿ ಮೂಲ ಸೆಟ್ಟಿಂಗ್ ಡಿಸ್ಕನ್ನು ಐಡಿಇ ಎಂಬ ಹಳೇ ರೀತಿಯಲ್ಲಿ ನಡೆಸುವುದು. ವಿಂಡೋಸ್ ಹಾಕಿದ್ದು ಎಎಚ್‌ಸಿಐ ಎಂಬ ಹೊಸ ರೀತಿಯಲ್ಲಿ. ವಿಂಡೋಸ್ 7 ತಾನು ಹಾಕಿಸಿಕೊಂಡ ದಿನ ಬೇಡವಾಗಿದ್ದ ಚಾಲಕವನ್ನು (ಡ್ರೈವರ್) ಮುಚ್ಚಿಡುತ್ತದೆ. ರೀತಿ ಬದಲಾದರೆ ಡಿಸ್ಕ್ ಕಣ್ಣೆದುರೇ ಇದ್ದರೂ ಅದಕ್ಕೆ ಕಾಣುವುದಿಲ್ಲ.

ಬಯಾಸ್‌ಗೆ ಹೋಗಿ ಐಡಿಇ ಇದ್ದಲ್ಲಿ ಎಎಚ್‌ಸಿಐ ಆರಿಸಿದ್ದರೆ ಸಾಕಿತ್ತು. ಎರಡು ನಿಮಿಷ. ಹೊಸ ಸೆಲ್‌ಗೆ 40 ರೂಪಾಯಿ.

ಹುಡುಗನಿಗೆ ಇದು ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು ಎಂದೂ ನಾನು ಹೇಳುವುದಿಲ್ಲ. ವಿಂಡೋಸ್ ಹಾಳಾಗಿದೆ ಎಂದುಕೊಂಡ. ಹೇಗೂ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿದೆ, ಹೊಸದನ್ನೇ ಹಾಕಿಬಿಡೋಣ ಎಂದು ಪೆನ್‌ಡ್ರೈವ್‌ನಿಂದ ವಿಂಡೋಸ್ 10 ಹಾಕಲು ಕೂತ. ಅಲ್ಲಿ ಡಿಸ್ಕ್‌ನ ವಿಭಾಗಗಳ (ಪಾರ್ಟಿಷನ್) ಪಟ್ಟಿ ಬಂತು. ಸಿ, ಡಿ ಎಂದು ಅಲ್ಲಿ ಹೆಸರಿರುವುದಿಲ್ಲ. ಬರೀ ಸಂಖ್ಯೆ. ಅವನು ಎಲ್ಲವನ್ನೂ ಅಳಿಸಿ ಇಡೀ ಡಿಸ್ಕನ್ನು ಒಂದೇ ವಿಭಾಗ ಮಾಡಿ ವಿಂಡೋಸ್ ಹಾಕಿದ.

ಅಷ್ಟರಲ್ಲೇ ಮುಗಿಯಲಿಲ್ಲ. ಎರಡನೇ ದಿನ ಹಚ್ಚಿದಾಗ ಡ್ರೈವ್ ಪರೀಕ್ಷಿಸಿ ರಿಪೇರಿ ಮಾಡುತ್ತಿದ್ದೇನೆ ಎಂದು ತೋರಿಸಿ 11 ಶೇಕಡಾದಲ್ಲಿ ನಿಂತುಬಿಟ್ಟಿತು. ರಾತ್ರಿಯಿಡೀ ಅಲ್ಲೇ. ಬೆಳಿಗ್ಗೆ ಅಕ್ಕೋರು ಎದ್ದು ಸ್ವಿಚ್ ಆಫ್ ಮಾಡಿ, "ಇನ್ನು ಯಾರೂ ಮುಟ್ಟೋದು ಬೇಡ" ಎಂದರಂತೆ. ಇಡೀ ಪ್ರಕರಣದಲ್ಲಿ ಮಾಹಿತಿ ಉಳಿಸಿದ ಮೊದಲ ಕೆಲಸ ಅದು.

ಡಿಸ್ಕ್‌ನ ಆರೋಗ್ಯ

11 ಶೇಕಡಾದಲ್ಲಿ ನಿಂತದ್ದು ನನಗೆ ಸರಿ ಕಾಣಲಿಲ್ಲ. ಹೊಸದಾಗಿ ಹಾಕಿದ ವಿಂಡೋಸ್ ಹಾಗೆ ತಡವರಿಸಬೇಕಿಲ್ಲ. ಡಿಸ್ಕೇ ಸೋತಿರಬೇಕು ಅನಿಸಿತು.

ಡಬ್ಬ ಬಿಚ್ಚಿ ಹಾರ್ಡ್ ಡಿಸ್ಕ್ ಹೊರಗೆ ತೆಗೆದೆ. 500 ಜಿಬಿಯದು, ವಿಂಡೋಸ್ ಅದನ್ನೇ 465 ಎಂದು ತೋರಿಸುವುದು. ನನ್ನ ಕೆಲಸದ ಯಂತ್ರಕ್ಕೆ ಹೊಸ ಕೇಬಲ್‌ನಲ್ಲಿ ಜೋಡಿಸಿದೆ. ಆ ಯಂತ್ರದಲ್ಲಿ ವಿಂಡೋಸ್ ಬದಲು ಲಿನಕ್ಸ್ ಇದೆ. ಡಿಸ್ಕ್ ಸಿಕ್ಕಿದ ಕೂಡಲೇ ವಿಂಡೋಸ್ ಏನಾದರೂ ಬರೆಯಲು ಹೋಗುತ್ತದೆ, ಸರಿಪಡಿಸಲಾ ಎಂದು ಕೇಳುತ್ತದೆ. ಇಲ್ಲಿ ಹಾಗಿಲ್ಲ. ನಾನು ಹೇಳದೆ ಅದರ ಮೇಲೆ ಒಂದು ಬೈಟ್ ಕೂಡ ಹೋಗದ ಹಾಗೆ ಇಟ್ಟುಕೊಂಡಿದ್ದೇನೆ.

ಮೊದಲು ಕಿವಿ ಕೊಟ್ಟೆ. ಟಕ್ ಟಕ್ ಎಂಬ ಸದ್ದು ಬಂದರೆ ಓದುವ ಹೆಡ್‌ಗೇ ಪೆಟ್ಟು ಬಿದ್ದಿದೆ ಎಂದು. ಹಾಗಿದ್ದರೆ ಆ ಕ್ಷಣವೇ ಕರೆಂಟ್ ತೆಗೆದು, ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚುವವರಿಗೆ ಕಳಿಸಬೇಕು. ಅಂಗಡಿಯಲ್ಲಿ ಡಿಸ್ಕ್ ಬಿಚ್ಚಲೇಬಾರದು. ಇದು ನುಣ್ಣಗೆ ತಿರುಗುತ್ತಿತ್ತು. ಹೆಸರು, ಗಾತ್ರ ಎರಡೂ ಸರಿ ಹೇಳಿತು.

ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಇಡುತ್ತದೆ. ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಅದರಲ್ಲಿ ನಾನು ನೋಡುವುದು ನಾಲ್ಕೇ ಸಾಲು. 5ನೇದು, ಕೆಟ್ಟ ಸೆಕ್ಟರ್‌ಗೆ, ಅಂದರೆ ಡಿಸ್ಕ್ ಮಾಹಿತಿ ಇಡುವ ಚಿಕ್ಕ ತುಂಡಿಗೆ, ಬದಲಿ ಕೊಟ್ಟ ಲೆಕ್ಕ. 197, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಲೆಕ್ಕ. 198, ಸ್ವಂತ ಪರೀಕ್ಷೆಯಲ್ಲೂ ಸೋತವು. 199, ಕೇಬಲ್‌ನಲ್ಲಿ ಆದ ತಪ್ಪು. ಇಲ್ಲಿ 199 ಸೊನ್ನೆ. 197ರಲ್ಲಿ 168. ಈ ಡಿಸ್ಕ್‌ನಲ್ಲಿ ಒಳಗಿನ ಒಂದು ನಿಜವಾದ ಸೆಕ್ಟರ್ 4096 ಬೈಟ್, ಹೊರಗೆ ಅದನ್ನು 512ರ ಎಂಟು ತುಂಡು ಎಂದು ಲೆಕ್ಕ ಹೇಳುತ್ತದೆ. ಅಂದರೆ ಆ ಹೊತ್ತಿಗೆ 21 ಜಾಗ ಕೆಟ್ಟಿದ್ದವು. ಅದಕ್ಕೆ ಗೊತ್ತಾದದ್ದು ಅಷ್ಟು. ಇನ್ನೂ ಓದಿಯೇ ನೋಡದ ಜಾಗದಲ್ಲಿ ಎಷ್ಟಿದೆಯೋ.

ರಿಪೇರಿ ಪರೀಕ್ಷೆ 11ರಲ್ಲಿ ಯಾಕೆ ನಿಂತಿತ್ತು ಎಂದು ಈಗ ಗೊತ್ತಾಯಿತು. ಸೋತ ಡಿಸ್ಕ್ ಮೇಲೆ ಆ ಪರೀಕ್ಷೆ ನಡೆಸುವುದು ಬಹಳ ಕೆಟ್ಟದ್ದು. ಅದಕ್ಕೆ ನಿಮ್ಮ ಫೈಲ್ ಮುಖ್ಯ ಅಲ್ಲ, ಕಡತ ವ್ಯವಸ್ಥೆ ನೆಟ್ಟಗಿರುವುದು ಮುಖ್ಯ. ಓದಲಾಗದ ದಾಖಲೆಯನ್ನು ಕತ್ತರಿಸಿ ಎಸೆದು ಎಲ್ಲ ಸರಿಯಾಯಿತು ಎನ್ನುತ್ತದೆ.

ನಕಲು

ಕೆಟ್ಟ ಡಿಸ್ಕ್‌ನಲ್ಲಿ ಹುಡುಕಾಡುವುದಿಲ್ಲ. ಮೊದಲು ಇಡೀ ಡಿಸ್ಕ್‌ನ ನಕಲು, ಆಮೇಲೆ ನಕಲಿನಲ್ಲಿ ಹುಡುಕಾಟ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಎಷ್ಟೇ ಅವಸರದ ಗಿರಾಕಿ ಬಂದರೂ ಇಲ್ಲ.

ನಕಲಿಗೆ ಡಿಡಿರೆಸ್ಕ್ಯೂ ಬಳಸಿದೆ. ಗ್ನೂ ಯೋಜನೆಯ ಉಚಿತ ತಂತ್ರಾಂಶ. ಮಾಮೂಲಿ ನಕಲು ಮಾಡುವ ಕ್ರಮ ಒಂದು ಕೆಟ್ಟ ಸೆಕ್ಟರ್ ಸಿಕ್ಕರೆ ಅಲ್ಲೇ ತಲೆ ಚಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಹೆಡ್ ಸವೆದು ಒಳ್ಳೆಯ ಭಾಗವೂ ಕೈತಪ್ಪಬಹುದು. ಇದು ಕೆಟ್ಟ ಜಾಗ ಕಂಡರೆ ಹಾರಿ ಮುಂದೆ ಹೋಗುತ್ತದೆ. ಚೆನ್ನಾಗಿರುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಆಮೇಲೆ ಹಿಂದೆ ಬಂದು ಕೆಟ್ಟ ಜಾಗದ ಅಂಚುಗಳನ್ನು ಸವರುತ್ತದೆ. ಕೊನೆಗೆ ಒಂದೊಂದೇ ಸೆಕ್ಟರ್ ಕೆರೆಯುತ್ತದೆ. ಯಾವುದು ಸಿಕ್ಕಿತು, ಯಾವುದು ಬಾಕಿ ಎಂದು ಒಂದು ನಕ್ಷೆಯ ಫೈಲ್‌ನಲ್ಲಿ ಬರೆಯುತ್ತ ಹೋಗುತ್ತದೆ.

ಆ ನಕ್ಷೆಯ ಬೆಲೆ ಮೊದಲ ರಾತ್ರಿಯೇ ತಿಳಿಯಿತು. ಸಂಜೆ ಶುರು ಮಾಡಿದ್ದೆ, 1 ಟಿಬಿಯ ಹೊಸ ಡಿಸ್ಕ್‌ಗೆ. ಎಲ್ಲೋ ಮರ ಬಿದ್ದು ಪೇಟೆಗೆಲ್ಲ ಕರೆಂಟ್ ಹೋಯಿತು. ಇನ್ವರ್ಟರ್ ರಾತ್ರಿ ಎರಡರವರೆಗೆ ಎಳೆಯಿತು, ಆಮೇಲೆ ಅದೂ ಮುಗಿಯಿತು. ಬೆಳಿಗ್ಗೆ ಅದೇ ಆಜ್ಞೆ, ಅದೇ ನಕ್ಷೆಯ ಫೈಲ್ ಕೊಟ್ಟೆ. ನಿಂತಲ್ಲಿಂದಲೇ ಹೊರಟಿತು. ನಕ್ಷೆಯ ಫೈಲ್ ಇಲ್ಲದೆ ಶುರು ಮಾಡಿದ್ದರೆ ಆ ಸೋತ ಡಿಸ್ಕನ್ನು ಮತ್ತೆ ಮೊದಲಿಂದ ಓಡಿಸಬೇಕಿತ್ತು.

ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಬಹುಪಾಲು ಬಂದಿತ್ತು. ಉಳಿದ ಚೂರುಪಾರಿಗೆ ಇನ್ನೂ ಎರಡು ದಿನ ಹಿಡಿಯಿತು. ಡಿಸ್ಕ್ ಬಿಸಿಯಾಗದಂತೆ ಟೇಬಲ್ ಫ್ಯಾನ್ ಹಚ್ಚಿಟ್ಟೆ, ನಡುನಡುವೆ ನಿಲ್ಲಿಸಿ ತಣಿಯಲು ಬಿಟ್ಟೆ. ಕೊನೆಗೆ ಓದಲಾಗದೆ ಉಳಿದದ್ದು 312 ಕೆಬಿ. 500 ಜಿಬಿಯಲ್ಲಿ 312 ಕೆಬಿ. ಒಂದು ಮಾಮೂಲಿ ಫೋಟೋದಷ್ಟೂ ಇಲ್ಲ. ಹಳೇ ಡಿಸ್ಕ್ ತೆಗೆದು ಕವರ್‌ಗೆ ಹಾಕಿ ಬದಿಗಿಟ್ಟೆ. ಅದಕ್ಕೆ ಮತ್ತೆ ಕರೆಂಟ್ ಕೊಟ್ಟಿಲ್ಲ.

ಡಿ ಸಿಕ್ಕಿತು

ವಿಭಾಗ ಅಳಿಸುವುದು ಎಂದರೆ ಏನು? ಇಂಥ ಹಳೇ ಯಂತ್ರಗಳಲ್ಲಿ ಡಿಸ್ಕ್‌ನ ಮೊದಲ 512 ಬೈಟ್‌ನಲ್ಲಿ ವಿಭಾಗಗಳ ಪಟ್ಟಿ ಇರುತ್ತದೆ. ಪಟ್ಟಿಗೆ ಸಿಗುವ ಜಾಗ ಬರೀ 64 ಬೈಟ್. ಅಳಿಸಿದರೆ ಹೋಗುವುದು ಆ ಪಟ್ಟಿ. ಮನೆ ಕೆಡವಿದ ಹಾಗಲ್ಲ, ಹೆಸರಿನ ಹಲಗೆ ಕಿತ್ತ ಹಾಗೆ. ಮೇಲೆ ಹೊಸದಾಗಿ ಏನಾದರೂ ಬರೆದರೆ ಮಾತ್ರ ಆ ಜಾಗದ ಹಳೆಯದು ಹೋಗುತ್ತದೆ.

ಹೊಸ ವಿಂಡೋಸ್ ಸುಮಾರು 20 ಜಿಬಿ ಬರೆದಿತ್ತು. ಅದು ಹೆಚ್ಚಾಗಿ ಡಿಸ್ಕ್‌ನ ಮೊದಲ ಭಾಗದಲ್ಲಿ. ಹಳೇ ಡಿ ಡ್ರೈವ್ ಶುರುವಾಗುವುದೇ 100 ಜಿಬಿ ದಾಟಿದ ಮೇಲೆ. ಆಸೆ ಇಟ್ಟುಕೊಳ್ಳಲು ಇಷ್ಟು ಸಾಕು.

ನಕಲಿನ ಮೇಲೆ ಟೆಸ್ಟ್‌ಡಿಸ್ಕ್ ಓಡಿಸಿದೆ. ಅದು ಹಳೇ ವಿಭಾಗದ ಗುರುತುಗಳನ್ನು ಹುಡುಕುತ್ತದೆ. ವಿಂಡೋಸ್‌ನ ಕಡತ ವ್ಯವಸ್ಥೆ ಎನ್‌ಟಿಎಫ್‌ಎಸ್‌ನ ಒಂದು ಒಳ್ಳೆಯ ಗುಣ ಏನೆಂದರೆ, ವಿಭಾಗದ ಶುರುವಿನಲ್ಲಿರುವ ತನ್ನ ಬೂಟ್ ಸೆಕ್ಟರ್‌ನ ಇನ್ನೊಂದು ಪ್ರತಿಯನ್ನು ವಿಭಾಗದ ಕಟ್ಟಕಡೆಯ ಸೆಕ್ಟರ್‌ನಲ್ಲಿ ಇಟ್ಟಿರುತ್ತದೆ. ಡಿ ಡ್ರೈವ್‌ನ ಎರಡೂ ಪ್ರತಿ ಇದ್ದವು. ಪಟ್ಟಿಯಲ್ಲಿ ಹಳೇ ಗಾತ್ರ ಮೂಡಿತು. ಪಿ ಒತ್ತಿದೆ, ಒಳಗಿನ ಫೈಲ್ ತೋರಿಸು ಎಂದು.

ಫೋಲ್ಡರ್‌ಗಳ ಹೆಸರು ಸಾಲಾಗಿ ಬಂದವು. ಊರಿನ ಹೆಸರು, ಮುಂದೆ ವರ್ಷ. ನಾನು ಆಗಲೇ ಅಕ್ಕೋರಿಗೆ ಫೋನ್ ಹಚ್ಚಿದೆ. ಪೂರ್ತಿ ಮುಗಿಯುವ ಮೊದಲು ಯಾರಿಗೂ ಮಾತು ಕೊಡುವುದಿಲ್ಲ ನಾನು. ಅವತ್ತು ತಡೆಯಲಾಗಲಿಲ್ಲ. "ಧ್ವನಿ ಸಿಕ್ಕಿದೆ ಅಕ್ಕೋರೆ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಎಲ್ಲಾ?" ಎಂದು ಕೇಳಿದರು.

212ರಲ್ಲಿ 212 ಇದ್ದವು. ಅದರಲ್ಲಿ ಮೂರು ಫೈಲ್ ಮಾತ್ರ ಆ 312 ಕೆಬಿಯ ಜಾಗಕ್ಕೆ ತಾಗಿಕೊಂಡಿದ್ದವು. ಎಂಪಿ3 ಫೈಲ್ ಚಿಕ್ಕ ಚಿಕ್ಕ ಚೌಕಟ್ಟುಗಳ ಸರ. ನಡುವೆ ಒಂದು ತುಂಡು ಹೋದರೆ ಅಷ್ಟು ಹೊತ್ತು ತಡವರಿಸಿ ಮುಂದೆ ಹಾಡುತ್ತದೆ. ಅವರ ರೆಕಾರ್ಡರ್ ಸೆಕೆಂಡಿಗೆ 128 ಕಿಲೋಬಿಟ್ ಲೆಕ್ಕದಲ್ಲಿ ಉಳಿಸುತ್ತಿತ್ತು. ಆ ಲೆಕ್ಕಕ್ಕೆ 4096 ಬೈಟ್ ಎಂದರೆ ಕಾಲು ಸೆಕೆಂಡ್. ಒಂದು ಹಾಡಿನಲ್ಲಿ ಅಂಥ ಎರಡು ಕಡೆ, ಇನ್ನೆರಡರಲ್ಲಿ ಒಂದೊಂದು ಕಡೆ ಧ್ವನಿ ಕಡಿದಿದೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಇದೇ ಕೆಲಸ, ತಿರುಗುವ ಭಾಗವಿಲ್ಲದೆ ಚಿಪ್‌ನಲ್ಲೇ ಉಳಿಸುವ ಎಸ್‌ಎಸ್‌ಡಿ ಮೇಲೆ ಆಗಿದ್ದರೆ ನಾನು ಕೈ ಚೆಲ್ಲಬೇಕಿತ್ತು. ಎಸ್‌ಎಸ್‌ಡಿಯಲ್ಲಿ ವಿಭಾಗ ಫಾರ್ಮ್ಯಾಟ್ ಮಾಡುವಾಗಲೇ ವಿಂಡೋಸ್ "ಈ ಜಾಗವೆಲ್ಲ ಇನ್ನು ಖಾಲಿ" ಎಂದು ಡಿಸ್ಕ್‌ಗೆ ಹೇಳುತ್ತದೆ. ಅದಕ್ಕೆ ಟ್ರಿಮ್ ಎನ್ನುತ್ತಾರೆ. ಡಿಸ್ಕ್ ತನ್ನ ಪಾಡಿಗೆ ಆ ಜಾಗವನ್ನು ತೊಳೆದಿಡುತ್ತದೆ. ಆಮೇಲೆ ಯಾವ ತಂತ್ರಾಂಶವೂ ಉಪಯೋಗಕ್ಕೆ ಬರುವುದಿಲ್ಲ. ಹೊಸ ಲ್ಯಾಪ್‌ಟಾಪ್ ಇದ್ದವರು ಇನ್ನೊಂದನ್ನೂ ನೋಡಿಕೊಳ್ಳಬೇಕು. ಎಷ್ಟೋ ಯಂತ್ರಗಳಲ್ಲಿ ಡಿಸ್ಕ್‌ಗೆ ಬೀಗ ಹಾಕಿಡುವ ಬಿಟ್‌ಲಾಕರ್ ತಾನಾಗೇ ಚಾಲೂ ಇರುತ್ತದೆ. ಅದರ 48 ಅಂಕಿಯ ಕೀಲಿ ಎಲ್ಲಿದೆ ಎಂದು ಇವತ್ತೇ ಹುಡುಕಿ ಬರೆದಿಡಿ. ಬಯಾಸ್‌ನಲ್ಲಿ ಏನಾದರೂ ಬದಲಾದ ದಿನ ಅದು ಆ ಕೀಲಿ ಕೇಳುತ್ತದೆ.

ಸಿ ಅಷ್ಟು ಸುಲಭ ಇರಲಿಲ್ಲ

ಅಕ್ಕೋರು ಧ್ವನಿಯನ್ನು ಡಿ ಡ್ರೈವ್‌ನಲ್ಲಿ ಇಟ್ಟಿದ್ದರು. ಟೈಪ್ ಮಾಡಿದ್ದನ್ನು ಮಾತ್ರ ಕಣ್ಣೆದುರೇ ಇರಲಿ ಎಂದು ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದರು. ಬಹಳ ಜನ ಹೀಗೇ ಮಾಡುವುದು. ಡೆಸ್ಕ್‌ಟಾಪ್ ಎಂದರೆ ಸಿ ಡ್ರೈವ್. ಹೊಸ ವಿಂಡೋಸ್ ಬಂದು ಕೂತದ್ದು ಅದರ ತಲೆ ಮೇಲೆಯೇ.

ಎನ್‌ಟಿಎಫ್‌ಎಸ್‌ನಲ್ಲಿ ಎಂಎಫ್‌ಟಿ ಎಂಬ ದೊಡ್ಡ ಪಟ್ಟಿ ಇರುತ್ತದೆ. ಯಾವ ಫೈಲ್‌ಗೆ ಏನು ಹೆಸರು, ಡಿಸ್ಕ್‌ನ ಯಾವ ಯಾವ ಜಾಗದಲ್ಲಿದೆ ಎಂಬ ಲೆಕ್ಕ ಅದರಲ್ಲಿ. ಹಳೇ ಸಿ ಡ್ರೈವ್‌ನ ಆ ಪಟ್ಟಿಯ ಬಹುಪಾಲು ಹೊಸ ಫೈಲ್‌ಗಳ ಕೆಳಗೆ ಹೂತುಹೋಗಿತ್ತು. ಫೈಲ್ ಇರಬಹುದು, ಆದರೆ ಅದರ ಹೆಸರೂ ಇಲ್ಲ, ವಿಳಾಸವೂ ಇಲ್ಲ.

ಆಗ ಉಳಿಯುವುದು ಫೋಟೋರೆಕ್. ಹೆಸರು ಕೇಳಿ ಫೋಟೋಗೆ ಮಾತ್ರ ಎಂದುಕೊಳ್ಳಬೇಡಿ. ಅದು ಪಟ್ಟಿಯನ್ನು ನೋಡುವುದೇ ಇಲ್ಲ. ಡಿಸ್ಕನ್ನು ಮೊದಲಿಂದ ಓದುತ್ತ, ಯಾವ ತುಂಡಿನ ತಲೆಯಲ್ಲಿ ಯಾವ ಬಗೆಯ ಫೈಲ್‌ನ ಗುರುತು ಇದೆ ಎಂದು ನೋಡಿ ಹೆಕ್ಕುತ್ತದೆ. ಮೊದಲ ಸಲ ಎಲ್ಲ ಬಗೆಯನ್ನೂ ಹೆಕ್ಕು ಎಂದು ಬಿಟ್ಟಿದ್ದೆ. ವಿಂಡೋಸ್‌ನ ಐಕಾನ್‌ಗಳೇ ರಾಶಿ ಬಿದ್ದವು. ನಿಲ್ಲಿಸಿ, ಹಳೇ ವರ್ಡ್ ಬಗೆಯ ಡಾಕ್ ಫೈಲ್ ಮಾತ್ರ ಎಂದು ಮತ್ತೆ ಬಿಟ್ಟೆ. 2,300 ಚಿಲ್ಲರೆ ಫೈಲ್ ಬಂದವು. ಎಲ್ಲಕ್ಕೂ ಬರೀ ಸಂಖ್ಯೆಯ ಹೆಸರು.

ಹುಡುಗ ಪಕ್ಕದಲ್ಲೇ ಕೂತಿದ್ದ. ಮೊದಲ ಫೈಲ್ ತೆರೆದ ಕೂಡಲೇ ಅವನ ಮುಖ ಇಳಿಯಿತು. "ಅಣ್ಣಾ, ಇದೆಲ್ಲ ಹಾಳಾಗಿದೆ" ಎಂದ. ಪರದೆ ತುಂಬ ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಚುಕ್ಕಿ ಗೀಟು, ನಡುವೆ ಪೌಂಡ್ ಚಿಹ್ನೆ. ಅರ್ಥವೇ ಇಲ್ಲದ ಸಾಲು.

ಹಾಳಾಗಿರಲಿಲ್ಲ. ಅದು ಕನ್ನಡವೇ.

ಇದನ್ನು ಕನ್ನಡದಲ್ಲಿ ಕೆಲಸ ಮಾಡುವ ಎಲ್ಲರೂ ತಿಳಿದಿರಬೇಕು. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೇ ರೀತಿಯಲ್ಲಿ ಟೈಪ್ ಮಾಡಿದರೆ ಫೈಲ್ ಒಳಗೆ ಉಳಿಯುವುದು ಕನ್ನಡ ಅಕ್ಷರ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆ. ಆ ಸಂಖ್ಯೆಯ ಮೇಲೆ ನುಡಿಯ ಫಾಂಟ್ ಕನ್ನಡದ ಚಿತ್ರ ಕೂರಿಸುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ಚಿತ್ರ ಹೋಗಿ ಬರೀ ಸಂಖ್ಯೆಯ ಅಕ್ಷರ ಕಾಣುತ್ತದೆ. ಎಷ್ಟು ಜನ ಇಂಥ ಫೈಲ್ ನೋಡಿ ಕೆಟ್ಟುಹೋಗಿದೆ ಎಂದು ಅಳಿಸಿದ್ದಾರೋ. ನುಡಿಯ ಫಾಂಟ್ ಹಾಕಿ ಅದೇ ಫೈಲ್ ಮತ್ತೆ ತೆರೆದೆ. ಮದುವೆ ಮನೆಯ ಎಣ್ಣೆ ಶಾಸ್ತ್ರದ ಹಾಡು ಕಣ್ಣೆದುರು ನಿಂತಿತು. ಹುಡುಗ ಕುರ್ಚಿಯಿಂದ ಎದ್ದುಬಿಟ್ಟ.

ಇನ್ನು 2,300ರಲ್ಲಿ ಹಾಡು ಯಾವುದು, ಶಾಲೆಯ ಕಾಗದ ಯಾವುದು? ಒಂದೊಂದೇ ತೆರೆದರೆ ವಾರ ಬೇಕು. ಒಳಗಿನ ಪದ ಕೊಟ್ಟು ಹುಡುಕೋಣ ಎಂದರೆ, ನಾವು ಈಗ ಟೈಪ್ ಮಾಡುವುದು ಯೂನಿಕೋಡ್, ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಖ್ಯೆ ಇರುವ ರೀತಿ. ಯೂನಿಕೋಡ್‌ನಲ್ಲಿ "ಗುಮಟೆ" ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ. ಅದಕ್ಕೆ ನುಡಿಯಲ್ಲಿ ಗುಮಟೆ, ಸುಗ್ಗಿ, ಮದುಮಗ, ತಂಗಿ ಎಂಬ ಪದಗಳನ್ನು ಟೈಪ್ ಮಾಡಿ, ಅದರ ಒಳಗಿನ ಅಕ್ಷರಗಳನ್ನೇ ಎತ್ತಿಕೊಂಡು ಹುಡುಕಿದೆ. 2,300 ಇದ್ದದ್ದು ಸುಮಾರು 600ಕ್ಕೆ ಇಳಿಯಿತು.

600 ಯಾಕೆ, ಹಾಡು 137 ಅಲ್ವಾ? ವರ್ಡ್ ಪ್ರತಿ ಸಲ ಉಳಿಸುವಾಗ ಹೊಸ ಫೈಲ್ ಬರೆದು ಹಳೆಯದನ್ನು ಬಿಡುತ್ತದೆ. ಬಿಟ್ಟ ಹಳೇ ಪ್ರತಿಗಳೂ ಸಿಕ್ಕಿದ್ದವು. ಒಂದು ಹಾಡಿನ ಏಳು ಪ್ರತಿ ಇದ್ದದ್ದೂ ಉಂಟು. ಫೈಲ್ ಒಳಗೇ ಕೊನೆಯ ಸಲ ಉಳಿಸಿದ ದಿನಾಂಕ ಬರೆದಿರುತ್ತದೆ. ಅದನ್ನು ನೋಡಿ ತೀರಾ ಈಚಿನದನ್ನು ಆರಿಸಿದೆವು. ಈ ಕೆಲಸ ಪೂರ್ತಿ ಹುಡುಗ ಮಾಡಿದ. ನಾಲ್ಕು ಸಂಜೆ ಅಂಗಡಿಗೆ ಬಂದು, ಅಕ್ಕೋರ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು, ಸಿಕ್ಕಿದ ಹಾಡಿನ ಎದುರು ಗುರುತು ಹಾಕುತ್ತ ಹೋದ.

119 ಹಾಡು ಪೂರ್ತಿ ಸಿಕ್ಕವು. 7 ಅರ್ಧಂಬರ್ಧ. 11 ಇಲ್ಲವೇ ಇಲ್ಲ.

ಯಂತ್ರ

ಯಂತ್ರವನ್ನು ಕೊನೆಗೆ ಮುಟ್ಟಿದೆ. ಹಳೇ ಸೆಲ್ ಮೀಟರ್‌ನಲ್ಲಿ 1.9 ವೋಲ್ಟ್ ತೋರಿಸಿತು. ಹೊಸ ಸೆಲ್ ಹಾಕಿದೆ. ರ‍್ಯಾಮ್‌ನ ಹಲ್ಲನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಇನ್ನೊಮ್ಮೆ ಒರೆಸಿದೆ. ಬಯಾಸ್‌ನಲ್ಲಿ ಐಡಿಇ ಎಂದೇ ಇತ್ತು, ಎಎಚ್‌ಸಿಐ ಮಾಡಿದೆ. ಚಿಕ್ಕ ಎಸ್‌ಎಸ್‌ಡಿ ಹಾಕಿದೆ.

ವಿಂಡೋಸ್ 10ರ ಬೆಂಬಲ ಅದೇ ಅಕ್ಟೋಬರ್ 14ಕ್ಕೆ ಮುಗಿಯಲಿಕ್ಕಿತ್ತು. ವಿಂಡೋಸ್ 11 ಇಷ್ಟು ಹಳೇ ಯಂತ್ರವನ್ನು ಒಪ್ಪುವುದಿಲ್ಲ. ಹಾಗಾಗಿ ಲಿನಕ್ಸ್ ಹಾಕಿಕೊಟ್ಟೆ. ಅಕ್ಕೋರಿಗೆ ಒಂದೇ ಚಿಂತೆ ಇತ್ತು, ಟೈಪ್ ಮಾಡುವುದು ಹೇಗೆ ಎಂದು. ಲಿನಕ್ಸ್‌ನಲ್ಲೂ ಕೆಜಿಪಿ ಕೀಲಿಮಣೆ ಇದೆ. ನುಡಿಯಲ್ಲಿ ಬೆರಳಿಗೆ ರೂಢಿಯಾದ ಅದೇ ಜೋಡಣೆ. ಕೂತು ಎರಡು ಸಾಲು ಹೊಡೆದು ನೋಡಿದರು. "ಬೆರಳಿಗೆ ಗೊತ್ತಿದೆ" ಎಂದರು.

ಪೂರ್ತಿ, ಅರ್ಧ ಎಲ್ಲ ಸೇರಿ ಸಿಕ್ಕಿದ 126 ಫೈಲ್‌ಗಳನ್ನೂ ಯೂನಿಕೋಡ್‌ಗೆ ಬದಲಿಸಿಕೊಟ್ಟೆ. ಅರ್ಕಾವತ್ತು ಕೆಲವು ಕಡೆ ಪಕ್ಕದ ಅಕ್ಷರಕ್ಕೆ ಜಿಗಿದಿತ್ತು. ನಡುವೆ ಇಂಗ್ಲಿಷ್‌ನಲ್ಲಿದ್ದ ಹೆಸರುಗಳು ಅಡ್ಡಾದಿಡ್ಡಿ ಕನ್ನಡವಾಗಿದ್ದವು. ಅವನ್ನು ಕೈಯಲ್ಲೇ ತಿದ್ದಬೇಕು, ತಿದ್ದುತ್ತಿದ್ದಾರೆ. ಈಗ ಧ್ವನಿ, ಬರಹ ಎರಡೂ ಮೂರು ಕಡೆ ಇವೆ. ಅವರ ಯಂತ್ರದಲ್ಲಿ, ಹೊರಗಿನ ಒಂದು ಡಿಸ್ಕ್‌ನಲ್ಲಿ, ಮತ್ತೆ ಹುಬ್ಬಳ್ಳಿಯಲ್ಲಿರುವ ಮಗಳ ಮನೆಯ ಕಂಪ್ಯೂಟರ್‌ನಲ್ಲಿ. ಹೊರಗಿನ ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬದಲ್ಲಿ ಇಡಲು ಹೇಳಿದ್ದೇನೆ. ಪ್ಲಗ್ ಕೀಳುವುದನ್ನು ಬಿಡಿ ಎಂದು ಹೇಳಲಿಲ್ಲ. ನಮ್ಮ ಗುಡುಗಿಗೆ ಅದೇ ಸರಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಆಕಾಶ ತಿಳಿಯಾದ ಹೊತ್ತು ನೋಡಿ, ಒಂದು ತಾಸು ಚಾಲೂ ಇಡಿ ಎಂದೆ.

ಸಿಗದ 11 ಹಾಡುಗಳಲ್ಲಿ 9ಕ್ಕೆ ಧ್ವನಿ ಇದೆ. ಕೇಳಿ ಮತ್ತೆ ಟೈಪ್ ಮಾಡುವುದು ಶುರುವಾಗಿದೆ. ಉಳಿದ ಎರಡನ್ನು ಅಕ್ಕೋರು ಬಹಳ ಹಿಂದೆ, ರೆಕಾರ್ಡರ್ ಕೊಳ್ಳುವ ಮೊದಲೇ, ಚೀಟಿಯಲ್ಲಿ ಬರೆದುಕೊಂಡು ಬಂದು ಟೈಪ್ ಮಾಡಿದ್ದರಂತೆ. ಚೀಟಿ ಈಗಿಲ್ಲ. ಒಂದರ ಅರ್ಧ ಅವರಿಗೆ ಬಾಯಿಗೆ ಬರುತ್ತದೆ. ಇನ್ನೊಂದು ಗೊತ್ತಿರುವ ಒಬ್ಬ ಅಜ್ಜಿ ಹೊಳೆಯ ಆಚೆ ದಂಡೆಯಲ್ಲಿ ಇನ್ನೂ ಇದ್ದಾರಂತೆ. ಮಳೆ ಕಡಿಮೆಯಾದ ಮೇಲೆ ಹುಡುಗನನ್ನು ಕರೆದುಕೊಂಡು ಹೋಗುತ್ತೇನೆ ಎಂದು ರೆಕಾರ್ಡರ್ ತಂದು ಕೊಟ್ಟರು. ಅದರ ಬ್ಯಾಟರಿ ಜಾಗದಲ್ಲೂ ಹಸಿರು ಹಿಡಿದಿತ್ತು. ಒರೆಸಿ, ಹೊಸ ಸೆಲ್ ಹಾಕಿ, ಒಂದು ನಿಮಿಷ ಮಳೆ ಸದ್ದು ರೆಕಾರ್ಡ್ ಮಾಡಿ ಕೇಳಿಸಿ ಕೊಟ್ಟಿದ್ದೇನೆ.